ಲೆಕ್ಕದ ಮನೆಯಲ್ಲಿ ಜಾಣ ಯಂತ್ರಕ್ಕೆ ಎಷ್ಟು ಅಂಕ?

ದೀಪಾವಳಿ ಸೂಟಿಗೆ ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕುಳಿತು ತನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಹುಡುಗ. ಮುಂದೆ ಸೊಲ್ಲಾಪುರದಲ್ಲಿ ಡಿಪ್ಲೊಮಾ, ಪುಣೆಯಲ್ಲಿ ಇಂಜಿನಿಯರಿಂಗ್ ಮಾಡಿ ಈಗ ಅಲ್ಲಿಯೇ ಒಂದು ಸಲಹಾ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. “ಸರ್, ನಾ ದಿನಾ ಮನಿ ಕಟ್ಟತೀನ್ರಿ, ಆದ್ರ ಒಂದ ಇಟ್ಟಂಗಿನೂ ಮುಟ್ಟಂಗಿಲ್ಲ” ಎಂದು ನಕ್ಕ. ತೆರೆಯ ಮೇಲೆ ಒಂದು ಮನೆ ಇತ್ತು. ಗೋಡೆ, ಕಿಟಕಿ, ಮಾಳಿಗೆ ಎಲ್ಲವೂ ಬರೀ ಗೆರೆಗಳಲ್ಲಿ. ಆ ಮನೆ ಕಟ್ಟಲಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದನ್ನು ಇವನು ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ.

ಅಲ್ಲಿ ಮನೆ ಕಟ್ಟಬೇಕಾದರೆ ಅದು ವರ್ಷಕ್ಕೆ ಎಷ್ಟು ಇಂಧನ ತಿನ್ನುತ್ತದೆ ಎಂಬ ಲೆಕ್ಕವನ್ನು ಮೊದಲು ಕೊಡಬೇಕಂತೆ. ಆ ಲೆಕ್ಕ ಮಾಡಿಕೊಡುವುದು ಇವನ ಉದ್ಯೋಗ. ಮಾತಿನ ನಡುವೆ ತನ್ನ ಹಿರಿಯ ಸಹೋದ್ಯೋಗಿಗಳಿಂದ ಕೇಳಿದ ಒಂದು ಸಂಗತಿ ಹೇಳಿದ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಮನೆಗಳಿಗೆ ಬಹಳ ಮಿತವ್ಯಯದ ಹೀಟ್ ಪಂಪ್ ಯಂತ್ರಗಳು ಬಂದಿದ್ದವು. ಆದರೆ ಸರಕಾರ ಒಪ್ಪಿದ ಲೆಕ್ಕದ ತಂತ್ರಾಂಶಕ್ಕೆ ಅವುಗಳ ನಡತೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಅವಕ್ಕೆ ಕನಿಷ್ಠ ಅಂಕ ಕೊಟ್ಟು ಕೂರಿಸುತ್ತಿತ್ತು!

ಈ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿತು. ಕನ್ನಡ ಕಲಿಸುವ ಮಾಸ್ತರರಿಗೆ ಅಮೆರಿಕದ ಮನೆಯ ಯಂತ್ರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಇಂಥದೇ ನಿಯಮಗಳು ನಮ್ಮ ದೇಶದಲ್ಲಿಯೂ ಬಂದಿವೆ, ಬರುತ್ತಿವೆ. ಎರಡು, ಅಂಕ ಕೊಡುವ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡಿಕೊಂಡು ಬಂದ ನಮಗೆ, ಅಂಕ ಕೊಡುವವನಿಗೆ ಉತ್ತರ ಗೊತ್ತಿಲ್ಲದಾಗ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಮೊದಲು ಯಂತ್ರದ ವಿಷಯ ತಿಳಿಯೋಣ. ನಮ್ಮ ಹಿರಿಯರು ಬಾವಿಗೆ ಕಪಿಲೆ ಕಟ್ಟಿ ನೀರು ಎತ್ತುತ್ತಿದ್ದರು. ಮರಾಠಿಯವರು ಅದಕ್ಕೆ ಮೋಟ ಎನ್ನುತ್ತಾರೆ. ಎತ್ತುಗಳು ನೀರನ್ನು ಹುಟ್ಟಿಸುತ್ತಿರಲಿಲ್ಲ. ಕೆಳಗಿದ್ದ ನೀರನ್ನು ಮೇಲೆ ತರುತ್ತಿದ್ದವು, ಅಷ್ಟೆ. ಹೀಟ್ ಪಂಪ್ ಮಾಡುವುದೂ ಇದನ್ನೇ. ಶಾಖ ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಅದನ್ನು ತಂಪಿನಿಂದ ಬಿಸಿಯ ಕಡೆಗೆ ಎತ್ತಬೇಕಾದರೆ ಶ್ರಮ ಬೇಕು. ಕರೆಂಟು ಆ ಶ್ರಮವನ್ನು ಒದಗಿಸುತ್ತದೆ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ನಾವು ನೋಡುವ ಎ.ಸಿ. ಕೂಡ ಇದೇ ಜಾತಿಯದು. ಅದು ಕೋಣೆಯ ಶಾಖವನ್ನು ಹೊರಗೆ ಎತ್ತಿ ಹಾಕುತ್ತದೆ. ಅದನ್ನೇ ತಿರುಗಿಸಿ ನಡೆಸಿದರೆ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ತಂದು ಚಳಿಗಾಲದಲ್ಲಿ ಮನೆ ಬೆಚ್ಚಗೆ ಮಾಡುತ್ತದೆ, ಇಲ್ಲವೇ ಸ್ನಾನದ ನೀರು ಕಾಯಿಸುತ್ತದೆ.

ಏಳನೆಯ ಇಯತ್ತೆಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕ ನೋಡಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಬೇಕು. ಬೇಕಾದ ಶಾಖ 3000 ಕಿಲೋ ಕ್ಯಾಲರಿ. ಒಂದು ಯೂನಿಟ್ ಕರೆಂಟು ಎಂದರೆ ಸುಮಾರು 860 ಕಿಲೋ ಕ್ಯಾಲರಿ. ಹಾಗಾಗಿ ಕಾಯಿಲ್ ಹಾಕಿ ಕಾಯಿಸಿದರೆ ಸುಮಾರು 3.5 ಯೂನಿಟ್ ಬೇಕು. ಒಂದು ಪಾಲು ಕರೆಂಟಿಗೆ ಮೂರು ಪಾಲು ಶಾಖ ಕೊಡುವ ಹೀಟ್ ಪಂಪ್ ಆದರೆ ಸುಮಾರು 1.2 ಯೂನಿಟ್ ಸಾಕು. ಉಳಿದದ್ದು ಗಾಳಿಯಿಂದ ಬಂತು. ಈ ‘ಒಂದಕ್ಕೆ ಮೂರು’ ಎಂಬ ಪ್ರಮಾಣಕ್ಕೆ ಸಿ.ಒ.ಪಿ. ಎನ್ನುತ್ತಾರೆ. ನಾವು ಬೇಕಾದರೆ ಕಾರ್ಯಗುಣಕ ಎನ್ನೋಣ.

ಆದರೆ ಈ ಮೂರು ಎಂಬುದು ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಬಾವಿ ಆಳವಾದಷ್ಟೂ ಎತ್ತುಗಳಿಗೆ ಶ್ರಮ ಹೆಚ್ಚು. ಹಾಗೆಯೇ ಹೊರಗಿನ ಗಾಳಿಗೂ ನಮಗೆ ಬೇಕಾದ ಬಿಸಿಗೂ ಅಂತರ ಹೆಚ್ಚಿದಷ್ಟೂ ಕಾರ್ಯಗುಣಕ ಇಳಿಯುತ್ತದೆ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ತೋರಿಸಿದ ದಾರಿಯಲ್ಲಿ ಹೋದರೆ ಇದರ ಗರಿಷ್ಠ ಮಿತಿಯನ್ನು ಒಂದೇ ಭಾಗಾಕಾರದಲ್ಲಿ ಕಂಡುಹಿಡಿಯಬಹುದು. ಕೆಲ್ವಿನ್ ಮಾನದಲ್ಲಿ ಬಿಸಿ ಬದಿಯ ಉಷ್ಣತೆಯನ್ನು ಎರಡು ಬದಿಗಳ ಅಂತರದಿಂದ ಭಾಗಿಸಬೇಕು. 25 ಡಿಗ್ರಿ ಗಾಳಿಯಿಂದ 55 ಡಿಗ್ರಿ ನೀರಿಗೆ ಎತ್ತುವಾಗ 328 ಭಾಗಿಸು 30, ಅಂದರೆ ಸುಮಾರು 11. ಗಾಳಿ 10 ಡಿಗ್ರಿಗೆ ಇಳಿದರೆ 328 ಭಾಗಿಸು 45, ಅಂದರೆ ಸುಮಾರು 7. ನಿಜವಾದ ಯಂತ್ರ ಈ ಆದರ್ಶದ ಒಂದು ಪಾಲನ್ನಷ್ಟೇ ಮುಟ್ಟುತ್ತದೆ. ಆದರೆ ಇಳಿಯುವ ರೀತಿ ಮಾತ್ರ ಅದೇ.

ಇದು ನಿನ್ನೆ ಮೊನ್ನೆಯ ವಿಚಾರವೂ ಅಲ್ಲ. ಇಂಥ ಯಂತ್ರದಿಂದ ಕಟ್ಟಡ ಬೆಚ್ಚಗೆ ಮಾಡಬಹುದೆಂದು ಕೆಲ್ವಿನ್ 1852ರಲ್ಲಿಯೇ ಬರೆದಿದ್ದ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನಕ್ಕೆ 1938ರಲ್ಲಿ ಹೊಳೆಯ ನೀರಿನಿಂದ ಶಾಖ ಎತ್ತುವ ಹೀಟ್ ಪಂಪ್ ಕೂರಿಸಿದ್ದರು. ಹೊಸದಾಗಿ ಬಂದಿರುವುದು ಯಂತ್ರದ ಜಾಣತನ. ಹಳೆಯ ಕಂಪ್ರೆಸರಿಗೆ ಎರಡೇ ಸ್ಥಿತಿ: ಪೂರ್ತಿ ಓಟ, ಇಲ್ಲವೇ ಪೂರ್ತಿ ನಿಲುಗಡೆ. ಈಗಿನ ಇನ್ವರ್ಟರ್ ಯಂತ್ರ ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ನಮ್ಮ ಶಾಲೆಯಲ್ಲಿ ಅಡುಗೆ ಮಾಡುವ ಅವ್ವ, ಅನ್ನ ಕುದಿ ಬಂದ ಮೇಲೆ ಗ್ಯಾಸನ್ನು ಬಂದ್ ಮಾಡಿ ಮತ್ತೆ ಹಚ್ಚುವುದಿಲ್ಲ, ಉರಿ ಸಣ್ಣ ಮಾಡುತ್ತಾಳಲ್ಲ, ಹಾಗೆ. ವರ್ಷದ ಹೆಚ್ಚಿನ ಗಂಟೆಗಳಲ್ಲಿ ಪೂರ್ತಿ ಶಕ್ತಿ ಬೇಕಿರುವುದಿಲ್ಲವಾದ್ದರಿಂದ ಉಳಿತಾಯ ಆಗುವುದೇ ಈ ಸಣ್ಣ ಉರಿಯಲ್ಲಿ.

ಇನ್ನು ನಿಯಮದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 1974ರ ಕಾಯಿದೆಯೊಂದರಿಂದ ಇಂಧನ ಆಯೋಗ ಹುಟ್ಟಿತು. 1978ರಿಂದ ಅಲ್ಲಿ ಕಟ್ಟಡಗಳ ಇಂಧನ ಸಂಹಿತೆ ಇದೆ. ಅದನ್ನು ಟೈಟಲ್ 24, ಭಾಗ 6 ಎಂದು ಕರೆಯುತ್ತಾರೆ. ಸುಮಾರು ಮೂರು ವರ್ಷಕ್ಕೊಮ್ಮೆ ತಿದ್ದುತ್ತಾರೆ. ಪಾಲಿಸಲು ಎರಡು ದಾರಿ. ಒಂದು, ಗೋಡೆ ಹೀಗಿರಲಿ, ಗಾಜು ಹೀಗಿರಲಿ ಎಂದು ಪಟ್ಟಿಯಲ್ಲಿ ಹೇಳಿದಂತೆ ಕಟ್ಟುವುದು. ಇನ್ನೊಂದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಸಿದ್ಧಮಾಡಿ ತೋರಿಸುವುದು. ಎರಡನೆಯ ದಾರಿಯಲ್ಲಿ ತಂತ್ರಾಂಶ ಎರಡು ಮನೆಗಳನ್ನು ಕಟ್ಟುತ್ತದೆ. ಒಂದು ನೀವು ಕಟ್ಟಬೇಕೆಂದಿರುವ ಮನೆ. ಇನ್ನೊಂದು ಅದರಷ್ಟೇ ದೊಡ್ಡದಾದ, ಪಟ್ಟಿಯ ನಿಯಮವನ್ನು ಅಕ್ಷರಶಃ ಪಾಲಿಸಿದ ಅವಳಿ ಮನೆ. ರಾಜ್ಯವನ್ನು 16 ಹವಾಮಾನ ವಲಯಗಳಾಗಿ ಹಂಚಿದ್ದಾರೆ. ಆಯಾ ವಲಯದ ಬಿಸಿಲು, ಗಾಳಿಯನ್ನು ಎರಡೂ ಮನೆಗಳ ಮೇಲೆ ವರ್ಷದ 8760 ಗಂಟೆಯೂ ಹರಿಸುತ್ತಾರೆ. ನಿಮ್ಮ ಮನೆಯ ಲೆಕ್ಕ ಅವಳಿಗಿಂತ ಹೆಚ್ಚಾಗದಿದ್ದರೆ ಪಾಸು. 2022ರ ಆವೃತ್ತಿಯಿಂದ ಅನೇಕ ವಲಯಗಳಲ್ಲಿ ಆ ಅವಳಿ ಮನೆಯಲ್ಲಿಯೇ ಹೀಟ್ ಪಂಪ್ ಕೂತಿದೆ. 2026ರ ಜನವರಿ 1ರಿಂದ ಜಾರಿಗೆ ಬಂದ 2025ರ ಆವೃತ್ತಿ ಅದನ್ನು ಇನ್ನಷ್ಟು ವಿಸ್ತರಿಸಿದೆ. ಅಂದರೆ ಪಕ್ಕದ ಬೆಂಚಿನ ಹುಡುಗ ಮೊದಲಿಗಿಂತ ಜಾಣನಾದ. ಅವನನ್ನು ಸರಿಗಟ್ಟಬೇಕಾದರೆ ನಮ್ಮ ಹುಡುಗನೂ ಓದಬೇಕು.

ಈಗ ಹಳೆಯ ವಿದ್ಯಾರ್ಥಿ ಹೇಳಿದ ಸಂಗತಿಗೆ ಬರೋಣ. 2016ರ ಆವೃತ್ತಿಯ ಕಾಲದಲ್ಲಿ ಗೋಡೆಗೆ ನೇತುಹಾಕುವ, ಗಾಳಿಕೊಳವೆ ಇಲ್ಲದ ಮಿನಿ ಸ್ಪ್ಲಿಟ್ ಹೀಟ್ ಪಂಪ್‌ಗಳನ್ನು ತಂತ್ರಾಂಶ ಕನಿಷ್ಠ ದಕ್ಷತೆಯ ಸಾಮಾನ್ಯ ಯಂತ್ರವೆಂದೇ ಎಣಿಸುತ್ತಿತ್ತು. ಇಲ್ಲದ ಗಾಳಿಕೊಳವೆಯನ್ನೂ ಅದರ ತಲೆಗೆ ಕಟ್ಟುತ್ತಿತ್ತು. ಒಪ್ಪಿತ ವಿಧಾನ ಸಿದ್ಧವಾಗುವವರೆಗೆ ಹೀಗೆ ಎಂದು ಕೈಪಿಡಿಯಲ್ಲಿಯೇ ಇತ್ತು. ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಯಂತ್ರ ಕೊಂಡವನಿಗೂ, ಅಗ್ಗದ್ದು ಕೊಂಡವನಿಗೂ ಹಾಳೆಯ ಮೇಲೆ ಒಂದೇ ಅಂಕ. ಹಾಗಾದ ಮೇಲೆ ಕಟ್ಟುವವನು ಒಳ್ಳೆಯದನ್ನು ಏಕೆ ಕೊಂಡಾನು?

ಇದು ಅನ್ಯಾಯ ಎಂದು ನಮಗೆ ಥಟ್ಟನೆ ಅನಿಸಿತು. ಅನಿಸಲು ನಮ್ಮದೇ ಕಾರಣ ಉಂಟು. ಹಲವು ವರ್ಷಗಳ ಹಿಂದೆ ನಮ್ಮ ಮಗುವೊಂದರ ಅರ್ಜಿ ತುಂಬಿಸಲು ಒಂದು ಕಚೇರಿಗೆ ಹೋಗಿದ್ದೆವು. ಕಲಿಕೆಯ ಮಾಧ್ಯಮದ ಕಾಲಮಿನಲ್ಲಿ ಕನ್ನಡ ಇರಲಿಲ್ಲ. ‘ಇತರೆ’ ಎಂದು ಹಾಕಿ ಎಂದರು. ಹಾಕಿದೆವು. ಆ ಮಗುವಿಗೆ ಎರಡು ಭಾಷೆ ಓದಲು ಬರೆಯಲು ಬರುತ್ತಿತ್ತು, ಮೂರನೆಯದು ಮಾತಾಡಲು ಬರುತ್ತಿತ್ತು. ಕಾಗದದ ಮೇಲೆ ಅದು ಬರೀ ‘ಇತರೆ’. ಕಾಸರಗೋಡಿನವರು, ತಾಳವಾಡಿಯವರು, ಆದೋನಿಯವರು ಇದನ್ನು ಓದುತ್ತಿದ್ದರೆ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಆದರೆ ಸ್ವಲ್ಪ ಯೋಚಿಸಿದ ಮೇಲೆ ಇನ್ನೊಂದು ಬದಿಯೂ ಕಂಡಿತು. ಆಯೋಗದವರು ಹಾಗೆ ಮಾಡಿದ್ದು ಪೂರ್ತಿ ತಪ್ಪೇ? ಕಂಪನಿಯ ಕರಪತ್ರದಲ್ಲಿರುವ ಅಂಕಿಯನ್ನು ಹಾಗೆಯೇ ನಂಬಿ ಅಂಕ ಕೊಟ್ಟಿದ್ದರೆ ಏನಾಗುತ್ತಿತ್ತು? ಅಮೆರಿಕದಲ್ಲಿ ಈ ಯಂತ್ರಗಳನ್ನು ಪ್ರಯೋಗಶಾಲೆಯಲ್ಲಿ ಕೆಲವೇ ನಿಗದಿತ ಸ್ಥಿತಿಗಳಲ್ಲಿ ಅಳೆಯುತ್ತಾರೆ. ತಂಪು ಮಾಡುವಾಗ ಮುಖ್ಯವಾಗಿ ಹೊರಗೆ 35 ಡಿಗ್ರಿ. ಬೆಚ್ಚಗೆ ಮಾಡುವಾಗ ಸುಮಾರು 8 ಡಿಗ್ರಿ ಮತ್ತು ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಮಾದರಿ ಲೆಕ್ಕ ಮಾಡುವವರು ಈ ಬಿಂದುಗಳ ನಡುವೆ ಒಂದು ವಕ್ರರೇಖೆ ಎಳೆದು 8760 ಗಂಟೆಗಳಿಗೂ ಅದರಿಂದಲೇ ಉತ್ತರ ತೆಗೆಯುತ್ತಾರೆ. ಮೂರು ಪರೀಕ್ಷೆಯ ಅಂಕ ನೋಡಿ ಹುಡುಗ ವರ್ಷವಿಡೀ ಹೇಗೆ ಓದಿದ ಎಂದು ಹೇಳಿದಂತೆ. ಮೇಲಾಗಿ ಈ ಪರೀಕ್ಷೆಗಳಲ್ಲಿ ಕಂಪ್ರೆಸರಿನ ವೇಗವನ್ನು ಒಂದು ಕಡೆ ಹಿಡಿದು ನಿಲ್ಲಿಸಿ ಅಳೆಯುತ್ತಾರೆ. ಮನೆಯಲ್ಲಿ ಅದು ತನ್ನ ಬುದ್ಧಿಯಿಂದ ತಾನೇ ವೇಗ ಬದಲಿಸುತ್ತದೆ. ಆ ಬುದ್ಧಿ ಹೇಗಿದೆ ಎಂಬ ಪರೀಕ್ಷೆಯೇ ಆಗಿರುವುದಿಲ್ಲ. ಈ ಕೊರತೆ ನೀಗಿಸಲೆಂದೇ ಕೆನಡಾದ ಮಾನಕ ಸಂಸ್ಥೆ, ಯಂತ್ರವನ್ನು ತನ್ನ ಪಾಡಿಗೆ ಓಡಲು ಬಿಟ್ಟು ಅಳೆಯುವ ವಿಧಾನವನ್ನು 2019ರಲ್ಲಿ ಹೊರತಂದಿತು.

ಕೂರಿಸುವ ರೀತಿಯಲ್ಲಿಯೂ ತೊಡಕುಗಳಿವೆ. ಶೀತಕದ ಅನಿಲ ಸರಿಯಾಗಿ ತುಂಬದಿದ್ದರೆ ಜಾಣ ಯಂತ್ರವೂ ದಡ್ಡ. ಗಾಳಿಕೊಳವೆ ಕಾದ ಅಟ್ಟದಲ್ಲಿ ಹಾದುಹೋದರೆ ತಂಪು ಹಾದಿಯಲ್ಲಿಯೇ ಸೋರಿಹೋಗುತ್ತದೆ. ಬೇಕಾದುದಕ್ಕಿಂತ ದೊಡ್ಡ ಯಂತ್ರ ತಂದರೆ ಸಣ್ಣ ಉರಿಯ ಲಾಭ ಸಿಗುವುದಿಲ್ಲ. ಹೆಚ್ಚು ಚಳಿಯ ಊರುಗಳಲ್ಲಿ ಹೊರಘಟಕಕ್ಕೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಉಲ್ಟಾ ಓಡಬೇಕಾಗುತ್ತದೆ. ಚಳಿ ತಡೆಯದೆ ಒಳಗಿನ ಕಾಯಿಲ್ ಹೀಟರ್ ತಾನೇ ಹತ್ತಿಕೊಂಡರೆ ‘ಒಂದಕ್ಕೆ ಮೂರು’ ಹೋಗಿ ‘ಒಂದಕ್ಕೆ ಒಂದು’ ಆಗುತ್ತದೆ. ಇವು ಒಂದೂ ಕರಪತ್ರದ ಅಂಕಿಯಲ್ಲಿ ಕಾಣುವುದಿಲ್ಲ.

ಕೊನೆಗೆ ಅವರು ಕಂಡುಕೊಂಡ ದಾರಿ ನಮಗೆ ಬಹಳ ಮೆಚ್ಚಿಗೆಯಾಯಿತು. 2019ರ ಆವೃತ್ತಿಯ ಕಾಲದಲ್ಲಿ ಇಂಥ ಯಂತ್ರಗಳಿಗೆ ಪ್ರತ್ಯೇಕ ಅಂಕದ ವ್ಯವಸ್ಥೆ ಬಂತು. ಆದರೆ ಷರತ್ತು ಹಾಕಿದರು. ಅನಿಲ ಸರಿಯಾಗಿ ತುಂಬಿದೆಯೇ, ಕೊಳವೆಗಳಿದ್ದರೆ ಅವು ಮನೆಯ ತಂಪಿನ ಭಾಗದೊಳಗೇ ಇವೆಯೇ, ಎಲ್ಲಾ ಕೋಣೆಗೂ ಗಾಳಿ ಮುಟ್ಟುತ್ತದೆಯೇ, ಉಷ್ಣತೆ ನಿಯಂತ್ರಿಸುವ ಗುಂಡಿ ಗೋಡೆಯ ಮೇಲಿದೆಯೇ, ಇಷ್ಟನ್ನೂ ಮೂರನೆಯವರೊಬ್ಬರು ಸ್ಥಳಕ್ಕೆ ಬಂದು ನೋಡಿ ಸಹಿ ಮಾಡಬೇಕು. ಸಹಿ ಇದ್ದರೆ ಅಂಕ, ಇಲ್ಲದಿದ್ದರೆ ಹಳೆಯ ಕನಿಷ್ಠವೇ ಗತಿ.

ನಮ್ಮ ಅಭಿಪ್ರಾಯ ಇಲ್ಲಿದೆ. ಮಾದರಿ ಲೆಕ್ಕ ಬೇಕೇ ಬೇಕು. ಕಟ್ಟಿ ಮುಗಿದ ಮೇಲೆ ಗೋಡೆ ಕೆಡವಿ ತಿದ್ದಲು ಆಗುವುದಿಲ್ಲ, ಆದ್ದರಿಂದ ಮುಂಚೆಯೇ ಲೆಕ್ಕ ಹಾಕಬೇಕು. ಗೊತ್ತಿಲ್ಲದ ಯಂತ್ರಕ್ಕೆ ಸದ್ಯಕ್ಕೆ ಕನಿಷ್ಠ ಅಂಕ ಎಂಬುದನ್ನೂ ಒಪ್ಪಬಹುದು. ಆದರೆ ‘ಸದ್ಯಕ್ಕೆ’ ಎಂಬ ಮಾತಿಗೆ ಒಂದು ಗಡುವು ಇರಬೇಕು. ಗಡುವು ಇಲ್ಲದಿದ್ದರೆ ನಿಯಮ ಬರೆಯುವವರ ಅಜ್ಞಾನದ ದಂಡವನ್ನು ಒಳ್ಳೆಯ ಯಂತ್ರ ಮಾಡಿದವನು, ಕೊಂಡವನು ತೆರಬೇಕಾಗುತ್ತದೆ. ಹಾಗೆಯೇ ಅಂಕ ಕೊಡುವುದಾದರೆ ಅಳೆದು ಕೊಡಬೇಕು. ಮಾರುವವನು ತಾನೇ ಬರೆದು ತಂದ ಅಂಕಪಟ್ಟಿಯನ್ನು ಒಪ್ಪುವುದೆಂದರೆ ಹುಡುಗರ ಉತ್ತರಪತ್ರಿಕೆಯನ್ನು ಹುಡುಗರ ಕೈಗೇ ತಿದ್ದಲು ಕೊಟ್ಟಂತೆ.

ತಪಾಸಣೆಗೆ ದುಡ್ಡು ಖರ್ಚಾಗುತ್ತದೆ, ಬಡ ಮನೆಯವರಿಗೆ ಹೊರೆ, ಇಷ್ಟೆಲ್ಲಾ ಸೂಕ್ಷ್ಮ ಏಕೆ ಎಂದು ಕೆಲವರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. ಆದರೆ ಸುಳ್ಳು ಲೆಕ್ಕದ ಖರ್ಚು ಎಲ್ಲಿಗೆ ಹೋಗುತ್ತದೆ ನೋಡಿ. ಕಟ್ಟಿದವನು ಪಾಸಾಗಿ, ಮಾರಿ, ಹೊರಟುಹೋಗುತ್ತಾನೆ. ಆಮೇಲೆ ಪ್ರತಿ ತಿಂಗಳೂ ಬಿಲ್ಲು ಕಟ್ಟುವವರು ಮನೆಯಲ್ಲಿ ವಾಸಿಸುವವರು. ಹೆಚ್ಚಾಗಿ ಅವರು ಬಾಡಿಗೆದಾರರು, ಸಾಲ ಮಾಡಿ ಮನೆ ಕೊಂಡವರು. ಒಮ್ಮೆ ತಪಾಸಣೆಯ ಖರ್ಚು ಮೇಲೋ, ಇಪ್ಪತ್ತು ವರ್ಷ ಹೆಚ್ಚಿನ ಬಿಲ್ಲು ಮೇಲೋ, ನೀವೇ ಹೇಳಿ.

ಈಗ ನಮ್ಮ ದೇಶಕ್ಕೆ ಬರೋಣ. 2001ರ ಇಂಧನ ಸಂರಕ್ಷಣಾ ಕಾಯಿದೆಯ ಕೆಳಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಶುರುವಾಯಿತು. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಸಂಪರ್ಕ ಹೊರೆ ಇಲ್ಲವೇ 120 ಕೆವಿಎ ಒಪ್ಪಂದ ಬೇಡಿಕೆ, ಅದಕ್ಕಿಂತ ಮೇಲಿನ ಕಟ್ಟಡಗಳಿಗೆ ಅದು ಅನ್ವಯ. ವಾಸದ ಮನೆಗಳಿಗೆ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. 2022ರ ತಿದ್ದುಪಡಿ ಕಾಯಿದೆ ಸಂಹಿತೆಯ ವ್ಯಾಪ್ತಿಯನ್ನು ಹಿಗ್ಗಿಸಿತು. 2024ರಲ್ಲಿ ಹೊಸ ಇಂಧನ ಸಂರಕ್ಷಣೆ ಮತ್ತು ಸುಸ್ಥಿರ ಕಟ್ಟಡ ಸಂಹಿತೆಯೂ ಬಂದಿದೆ. ಇಲ್ಲಿಯೂ ಪಟ್ಟಿಯ ದಾರಿ, ಲೆಕ್ಕದ ದಾರಿ ಎರಡೂ ಇವೆ. ಇಲ್ಲಿಯೂ ಅವಳಿ ಕಟ್ಟಡ ಉಂಟು. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಎರಡಕ್ಕೂ ಲೆಕ್ಕ ಹಾಕಿ, ನಮ್ಮದನ್ನು ಅವಳಿಯದರಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚಾಗಬಾರದು.

ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಎದ್ದ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ನಮ್ಮಲ್ಲಿ ಹವಾಮಾನದ ವ್ಯತ್ಯಾಸವಂತೂ ಕೇಳುವುದೇ ಬೇಡ. ಗಡಿಯಾಚೆಯ ಕನ್ನಡಿಗರ ಊರುಗಳನ್ನೇ ತೆಗೆದುಕೊಳ್ಳಿ. ನಮ್ಮ ಸೊಲ್ಲಾಪುರ ಜಿಲ್ಲೆಯ ಏಪ್ರಿಲ್, ಮೇ ತಿಂಗಳು ಒಣ ಬೆಂಕಿ. ಕಾಸರಗೋಡಿನಲ್ಲಿ ಉಷ್ಣತೆ ಅಷ್ಟಿರದಿದ್ದರೂ ಗಾಳಿಯಲ್ಲಿ ನೀರಿನ ಪಸೆ, ಅಲ್ಲಿ ಎ.ಸಿ.ಯ ಶ್ರಮದ ಒಂದು ಪಾಲು ಆ ಪಸೆಯನ್ನು ಹಿಂಡಿ ತೆಗೆಯಲು ಹೋಗುತ್ತದೆ. ನೀಲಗಿರಿಯಲ್ಲಿ ಚಳಿಗಾಲದ ರಾತ್ರಿ ಬೆಚ್ಚಗೆ ಮಾಡುವ ಯಂತ್ರವೇ ಬೇಕು. ಒಂದೇ ಕಂಪನಿಯ ಒಂದೇ ಯಂತ್ರ ಈ ಮೂರು ಕಡೆ ಮೂರು ರೀತಿ ದುಡಿಯುತ್ತದೆ. ಒಂದೇ ಅಂಕಿಯಿಂದ ಮೂವರಿಗೂ ಅಂಕ ಹಾಕಿದರೆ ಯಾರೋ ಒಬ್ಬರಿಗೆ ಮೋಸ.

ಇದು ದೊಡ್ಡ ಕಟ್ಟಡದವರ ಮಾತು, ನಮಗೇನು ಎನ್ನಬೇಡಿ. ಎ.ಸಿ.ಯ ಮೇಲಿನ ನಕ್ಷತ್ರದ ಚೀಟಿಯೂ ಒಂದು ಮಾದರಿ ಲೆಕ್ಕವೇ. ನಮ್ಮ ದೇಶದ ಐ.ಎಸ್.ಇ.ಇ.ಆರ್. ಅಂಕ, ಹೊರಗೆ 24ರಿಂದ 43 ಡಿಗ್ರಿವರೆಗಿನ ಉಷ್ಣತೆಯಲ್ಲಿ ವರ್ಷಕ್ಕೆ 1600 ಗಂಟೆ ಯಂತ್ರ ಓಡುತ್ತದೆ ಎಂದು ಹಿಡಿದು ಹಾಕಿದ್ದು. ಚೀಟಿಯಲ್ಲಿ ಬರೆದ ವಾರ್ಷಿಕ ಯೂನಿಟ್ ಆ 1600 ಗಂಟೆಯದು. ನಮ್ಮೂರಿನ ಅಂಗಡಿಕಾರ ದಿನಕ್ಕೆ 10 ಗಂಟೆಯಂತೆ 300 ದಿನ ಓಡಿಸಿದರೆ 3000 ಗಂಟೆ ಆಯಿತು. ಬಿಲ್ಲು ಬಂದಾಗ ‘ಚೀಟಿ ಸುಳ್ಳು’ ಎಂದು ಬೈಯುತ್ತಾನೆ. ಚೀಟಿ ಸುಳ್ಳು ಹೇಳಿಲ್ಲ. ಅದು ಯಾವ ಲೆಕ್ಕದ ಉತ್ತರ ಎಂಬುದನ್ನು ಅವನಿಗೆ ಯಾರೂ ಅವನ ಭಾಷೆಯಲ್ಲಿ ಹೇಳಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಎಂಥ ಜಾಣ ಯಂತ್ರ ತಂದರೂ ಮೊದಲು ಮನೆ ಸರಿಯಿರಬೇಕು. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಮಲಗಿದವರಿಗೆ ಅದರ ಸುಖ ಗೊತ್ತು. ಈಗ ಎಲ್ಲಾ ತಗಡು, ಇಲ್ಲವೇ ಬರಿಯ ಸ್ಲ್ಯಾಬು. ತಗಡಿನ ಕೆಳಗೆ ಕುಳಿತ ಮಕ್ಕಳಿಗೆ ಮಾರ್ಚ್ ತಿಂಗಳಲ್ಲಿಯೇ ಗಣಿತ ತಲೆಗೆ ಹತ್ತುವುದಿಲ್ಲ. ಇಕೋ ನಿವಾಸ್ ಸಂಹಿತೆ ಮಾಳಿಗೆಯ ಮೂಲಕ ಶಾಖ ಹಾಯುವ ಪ್ರಮಾಣ 1.2ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಲ್ಲಿ 1.2 ವ್ಯಾಟ್. ಬರಿಯ ಸ್ಲ್ಯಾಬು ಇದನ್ನು ದಾಟುವುದಿಲ್ಲ, ಮೇಲೆ ಶಾಖ ತಡೆಯುವ ಪದರ ಬೇಕು. ಬಾವಿಯ ಆಳ ಕಡಿಮೆ ಮಾಡಿ ಆಮೇಲೆ ಎತ್ತು ಹೂಡುವುದು ಜಾಣತನ. ಮಾಳಿಗೆ, ನೆರಳು, ಗಾಳಿ ಮೊದಲು, ಯಂತ್ರ ಆಮೇಲೆ. ಒಳ್ಳೆಯ ಮಾದರಿ ಲೆಕ್ಕ ಈ ಕ್ರಮವನ್ನೂ ತೋರಿಸಿಕೊಡುತ್ತದೆ. ಏಕೆಂದರೆ ಮಾಳಿಗೆ ಸರಿಪಡಿಸಿದ ಕೂಡಲೇ ಬೇಕಾದ ಯಂತ್ರದ ಗಾತ್ರ ಇಳಿಯುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಲೆಕ್ಕಕ್ಕೂ ಬಿಲ್ಲಿಗೂ ತಾಳೆ ನೋಡುವ ಪದ್ಧತಿ ಬೇಕು. ವಾರ್ಷಿಕ ಪರೀಕ್ಷೆಗೆ ಮುಂಚೆ ನಾವು ‘ಈ ಹುಡುಗನಿಗೆ ಎಪ್ಪತ್ತು ಬಂದೀತು’ ಎಂದುಕೊಳ್ಳುತ್ತೇವೆ. ಫಲಿತಾಂಶ ಬಂದ ಮೇಲೆ ನಲವತ್ತಿದ್ದರೆ ಎಲ್ಲಿ ತಪ್ಪಿದೆವು ಎಂದು ನೋಡುತ್ತೇವೆ, ನೋಡಬೇಕು. ಕಟ್ಟಡಕ್ಕೂ ಅಷ್ಟೆ. ಒಂದು ವರ್ಷ ವಾಸವಾದ ಮೇಲೆ ಮಾದರಿ ಹೇಳಿದ ಯೂನಿಟ್ ಎಷ್ಟು, ಮೀಟರು ಹೇಳಿದ್ದೆಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ದೇಶದಲ್ಲಿ ಇದು ಅಸಾಧ್ಯವೇನಲ್ಲ. ನಡೆಯುತ್ತಿರುವ ಕಟ್ಟಡಗಳಿಗೆ ನಿಜವಾದ ಬಳಕೆ ನೋಡಿ ನಕ್ಷತ್ರ ಕೊಡುವ ಯೋಜನೆಯನ್ನು ಬ್ಯೂರೋ 2009ರಲ್ಲಿಯೇ ಶುರುಮಾಡಿತ್ತು. ಆ ತಾಳೆಯಿಂದ ಸಿಕ್ಕ ಪಾಠ ಮುಂದಿನ ಆವೃತ್ತಿಯ ತಂತ್ರಾಂಶಕ್ಕೆ ಹೋಗಬೇಕು.

ಇದರಲ್ಲಿ ನಮ್ಮ ಶಾಲೆಗಳ ಪಾಲು ಏನು? ನಮ್ಮ ಮಕ್ಕಳಲ್ಲಿ ಹಲವರು ಮುಂದೆ ಐ.ಟಿ.ಐ. ಸೇರಿ ಫ್ರಿಜ್, ಎ.ಸಿ. ರಿಪೇರಿ ಕಲಿಯುತ್ತಾರೆ. ಕೆಲವರು ಗೌಂಡಿಗಳಾಗುತ್ತಾರೆ. ಒಬ್ಬಿಬ್ಬರು ಈ ಹುಡುಗನ ಹಾಗೆ ಲೆಕ್ಕದ ಮನೆ ಕಟ್ಟುತ್ತಾರೆ. ಅನಿಲ ಸರಿಯಾಗಿ ತುಂಬುವವನೂ, ಮಾಳಿಗೆಗೆ ಪದರ ಹಾಕುವವನೂ, ಸ್ಥಳಕ್ಕೆ ಹೋಗಿ ನೋಡಿ ಸಹಿ ಮಾಡುವವನೂ ನಮ್ಮ ಬೆಂಚಿನಿಂದಲೇ ಎದ್ದು ಹೋಗುವವರು. ತಾನು ತುಂಬುವ ಅನಿಲಕ್ಕೂ ಕಟ್ಟಡದ ಪಾಸು ನಪಾಸಿಗೂ ಇರುವ ಸಂಬಂಧ ತಿಳಿದವನು ಕೆಲಸವನ್ನು ಬೇರೆ ರೀತಿಯಲ್ಲಿಯೇ ಮಾಡುತ್ತಾನೆ. ಅದಕ್ಕೆ ಬೀಜ ಬಿತ್ತುವುದು ಏಳನೆಯ ಇಯತ್ತೆಯ ಶಾಖದ ಪಾಠದಲ್ಲಿ. ಕಪಿಲೆಯ ಮಾತು ಹೇಳಿ, 3.5 ಯೂನಿಟ್ ಲೆಕ್ಕ ಮಾಡಿಸಿ, ಊರಿನ ಅಂಗಡಿಯ ಎ.ಸಿ. ಚೀಟಿ ಓದಿಸಿ. ಇಷ್ಟಕ್ಕೆ ಪ್ರಯೋಗಶಾಲೆ ಬೇಡ, ಇಂಗ್ಲಿಷೂ ಬೇಡ.

ಹೊರಡುವ ಮುಂಚೆ ಆ ಹುಡುಗನಿಗೆ ಒಂದು ಮಾತು ಕೇಳಿದೆವು. “ತಮ್ಮಾ, ಇಷ್ಟೆಲ್ಲಾ ಇಂಗ್ಲಿಷಿನಲ್ಲಿ ಮಾಡುತ್ತೀಯಲ್ಲ, ತಲೆಯೊಳಗೆ ಲೆಕ್ಕ ಯಾವ ಭಾಷೆಯಲ್ಲಿ ನಡೆಯುತ್ತದೆ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗ್ಗಿ ಇನ್ನೂ ಕನ್ನಡದಾಗೇ ಬರ್ತದ್ರಿ ಸರ್” ಎಂದ.

ಆ ಮಗ್ಗಿಗೆ ಯಾವ ತಂತ್ರಾಂಶದಲ್ಲಿಯೂ ಕಾಲಮಿಲ್ಲ. ಆದರೆ ಅವನು ಮಾಡಿದ ಲೆಕ್ಕದ ಮೇಲೆ ಸಾವಿರಾರು ಮೈಲಿ ಆಚೆ ಒಂದು ಮನೆ ನಿಲ್ಲುತ್ತದೆ. ಈ ಹುಡುಗನನ್ನೂ ಮುಂಚೆ ಯಾರೋ ‘ಇತರೆ’ ಎಂದೇ ಬರೆದುಕೊಂಡಿದ್ದಾರು. ಯಂತ್ರವಾಗಲಿ, ಮಗುವಾಗಲಿ, ಅಂಕ ಹಾಕುವ ಮುಂಚೆ ಹತ್ತಿರ ಹೋಗಿ ನೋಡಿರಿ ಎಂಬುದಷ್ಟೇ ನಮ್ಮ ಕೋರಿಕೆ. ನೀವೇನಂತೀರಿ?